ಅಕ್ಷರ ಕೇಳುವ ಟಿ.ವಿ

ರಾಯಚೂರು ಜಿಲ್ಲೆಯ ಹಳ್ಳಿಗಳಿಗೆ ಟಿ.ವಿ ಬಂದದ್ದು ಬೆಂಗಳೂರಿಗಿಂತ ಮೊದಲು. ಹೀಗೆಂದರೆ ನಮ್ಮ ಕಡೆಯ ಹುಡುಗರೇ ನಂಬುವುದಿಲ್ಲ. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಶುರುವಾದದ್ದು 1981ರ ನವೆಂಬರ್‌ನಲ್ಲಿ. ಅದಕ್ಕೂ ಆರು ವರ್ಷ ಹಿಂದೆ, 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ, ಅಮೆರಿಕದ ನಾಸಾ ಸಂಸ್ಥೆಯಿಂದ ಎರವಲು ಪಡೆದ ಎಟಿಎಸ್–6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರವಾಗಿ ಟಿ.ವಿ ಕಾರ್ಯಕ್ರಮಗಳು ಇಳಿದವು. ಇಸ್ರೊ ಮುಂದೆ ನಿಂತು ನಡೆಸಿದ ಆ ‘ಸೈಟ್’ (ಉಪಗ್ರಹದ ಮೂಲಕ ಬೋಧಿಸುವ ಟಿ.ವಿ) ಪ್ರಯೋಗಕ್ಕೆ ಕರ್ನಾಟಕದಿಂದ ಆಯ್ಕೆಯಾದದ್ದು ಗುಲ್ಬರ್ಗ, ವಿಜಾಪುರ ಮತ್ತು ರಾಯಚೂರು ಜಿಲ್ಲೆಗಳ ಹಳ್ಳಿಗಳು. ಕೊಪ್ಪಳ ಆಗ ರಾಯಚೂರಿನೊಳಗೇ ಇತ್ತು. ತಂತಿಬಲೆಯಿಂದ ಮಾಡಿದ ಹತ್ತು ಅಡಿ ಅಗಲದ ಡಿಶ್, ಊರಿಗೊಂದು ಟಿ.ವಿ, ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ಊರಿನವರೆಲ್ಲರಿಗೆ. ಆಂಧ್ರದ ಹಳ್ಳಿಗಳಿಗೂ ನಮಗೂ ಚಿತ್ರ ಒಂದೇ. ಧ್ವನಿ ಅಲ್ಲಿ ತೆಲುಗು, ಇಲ್ಲಿ ಕನ್ನಡ.

ಆ ಯೋಜನೆಯ ಹಿಂದಿದ್ದ ವಿಚಾರ ನನಗೆ ಇಂದಿಗೂ ದೊಡ್ಡದೆನಿಸುತ್ತದೆ. ಓದು ಬಾರದವರಿಗೆ ಪುಸ್ತಕ ತಲುಪುವುದಿಲ್ಲ, ಪತ್ರಿಕೆ ತಲುಪುವುದಿಲ್ಲ, ಟಿ.ವಿ ತಲುಪುತ್ತದೆ. ನೋಡಲು, ಕೇಳಲು ಬಂದರೆ ಸಾಕು. ಮುಂದೆ ಬಂದ ಕೇಬಲ್, ಮನೆಮನೆಯ ಡಿಶ್ ಕೂಡ ಈ ಗುಣವನ್ನು ಬಿಟ್ಟುಕೊಡಲಿಲ್ಲ. ಕುಷ್ಟಗಿ ತಾಲ್ಲೂಕಿನ ಹಳ್ಳಿಯೊಂದರಲ್ಲಿರುವ ನಮ್ಮ ದೊಡ್ಡವ್ವ ಒಂದಕ್ಷರ ಕಲಿತವರಲ್ಲ. ಆದರೆ ರಿಮೋಟಿನ ಯಾವ ಗುಂಡಿ ಒತ್ತಿದರೆ ಯಾವ ಚಾನೆಲ್ ಬರುತ್ತದೆ ಎಂಬುದು ಅವರ ಬೆರಳಿಗೆ ಗೊತ್ತಿತ್ತು. ಕತ್ತಲಲ್ಲಿಯೂ ಒತ್ತುತ್ತಿದ್ದರು.

ಇಂಟರ್ನೆಟ್ ಟಿ.ವಿ ಮನೆಗೆ ಬಂದ ದಿನದಿಂದ ಪ್ರಶ್ನೆಗಳು ಶುರುವಾಗುತ್ತವೆ. ಭಾಷೆ ಯಾವುದು, ವೈಫೈ ಪಾಸ್‌ವರ್ಡ್ ಏನು, ಇ–ಮೇಲ್ ವಿಳಾಸ ಏನು, ಫೋನಿಗೆ ಬಂದ ಒಟಿಪಿ ಏನು, ಈಗ ನೋಡುತ್ತಿರುವವರು ಯಾರು. ಎಲ್ಲವೂ ಅಕ್ಷರದಲ್ಲಿ, ಬಹುಪಾಲು ಇಂಗ್ಲಿಷಿನಲ್ಲಿ. 2011ರ ಜನಗಣತಿಯ ಪ್ರಕಾರ ರಾಯಚೂರು ಜಿಲ್ಲೆಯ ಸಾಕ್ಷರತೆ ಶೇ 60ನ್ನೂ ಮುಟ್ಟಿರಲಿಲ್ಲ. ಮಹಿಳೆಯರಲ್ಲಿ ಅರ್ಧಕ್ಕಿಂತ ಕಡಿಮೆ. ಓದುವ ಅವಕಾಶ ಸಿಗದ ಆ ತಲೆಮಾರಿನ ಹೆಣ್ಣುಮಕ್ಕಳೇ ಇಂದು ವಯಸ್ಸಾಗಿ, ಮಕ್ಕಳು ಊರು ಬಿಟ್ಟ ಮನೆಗಳಲ್ಲಿ ಹಗಲಿಡೀ ಇರುವವರು. ಅವರ ಕೈಯಿಂದ ರಿಮೋಟ್ ಕಿತ್ತುಕೊಂಡಂತಾಗಬಾರದು. ಟಿ.ವಿ ಜೋಡಿಸಿ ಚಿತ್ರ ಮೂಡಿದ ಕೂಡಲೇ ಕೆಲಸ ಮುಗಿಯಿತು ಎಂದು ಎದ್ದುಬಿಡುತ್ತೇವಲ್ಲ, ಅಲ್ಲಿ ಮುಗಿದಿರುವುದು ಅರ್ಧ ಮಾತ್ರ. ಮನೆಯಲ್ಲಿ ಓದು ಬಾರದ ಹಿರಿಯರು ಯಾರನ್ನೂ ಕೂಗದೆ ತಮಗೆ ಬೇಕಾದದ್ದನ್ನು ಹಾಕಿಕೊಂಡು ನೋಡುವ ದಿನ ಅದು ಪೂರ್ತಿಯಾಗುತ್ತದೆ.

ನಾನಿರುವುದು ರಾಯಚೂರಿನಲ್ಲಿ. ಲಿಂಗಸುಗೂರು, ಸಿಂಧನೂರು, ಕುಷ್ಟಗಿ ಕಡೆಯ ಬಂಧುಗಳು ಟಿ.ವಿ ತಂದಾಗ ನನ್ನನ್ನು ಕರೆಯುವುದು ರೂಢಿಯಾಗಿದೆ. ಯುಗಾದಿಗೋ ದೀಪಾವಳಿಗೋ ಊರಿಗೆ ಬಂದು ಅವ್ವ–ಅಪ್ಪನಿಗೆ ಹೊಸ ಟಿ.ವಿ ಕೊಡಿಸಿ, ಎರಡೇ ದಿನದಲ್ಲಿ ವಾಪಸು ಹೊರಡುವ ಮಕ್ಕಳಿಗೆಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಇಂಟರ್ನೆಟ್ ಎಲ್ಲಿಂದ ಬರಬೇಕು ಎಂಬುದನ್ನು ತೀರ್ಮಾನಿಸಿ. ಫೈಬರ್ ಕೇಬಲ್ ಮನೆಯ ತನಕ ಬರುವಂತಿದ್ದರೆ ಬೇರೆ ಯೋಚನೆಯೇ ಬೇಡ. ಭಾರತ್‌ನೆಟ್ ಯೋಜನೆಯಲ್ಲಿ ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಎಳೆಯುವ ಕೆಲಸ ವರ್ಷಗಳಿಂದ ನಡೆದಿದೆ. ನಿಮ್ಮ ಊರಿನ ಪಂಚಾಯಿತಿಯಿಂದ ಮನೆಗಳಿಗೆ ಸಂಪರ್ಕ ಕೊಡುತ್ತಾರೆಯೇ, ಬಿಎಸ್‌ಎನ್‌ಎಲ್ ಅಥವಾ ಊರಿನ ಕೇಬಲ್‌ನವರು ಕೊಡುತ್ತಾರೆಯೇ ವಿಚಾರಿಸಿ. ಫೈಬರ್ ಬಾರದ ಕಡೆ 5ಜಿ ಸಿಗ್ನಲ್ ಚೆನ್ನಾಗಿದ್ದರೆ ಮಾಳಿಗೆಯ ಮೇಲೆ ಚಿಕ್ಕ ಪೆಟ್ಟಿಗೆ ಕೂರಿಸಿ ಮನೆಯೊಳಗೆ ವೈಫೈ ಕೊಡುವ ‘ಏರ್‌ಫೈಬರ್’ ಸೇವೆ ಇದೆ. ಜಿಯೊ, ಏರ್‌ಟೆಲ್ ಎರಡೂ ಇದನ್ನು 2023ರಲ್ಲಿ ಆರಂಭಿಸಿದವು. ಹಣ ಕಟ್ಟುವ ಮೊದಲು ಅದೇ ಕಂಪನಿಯ ಸಿಮ್ ಇರುವ 5ಜಿ ಮೊಬೈಲನ್ನು ಮಾಳಿಗೆಯ ಮೇಲೆ ಒಯ್ದು, ಸಂಜೆ ಎಂಟರ ಹೊತ್ತಿಗೆ ವೇಗ ನೋಡಿ. ಮಧ್ಯಾಹ್ನ ಚೆನ್ನಾಗಿದ್ದದ್ದು ರಾತ್ರಿ ಊರೆಲ್ಲ ಮೊಬೈಲ್ ಹಿಡಿದಾಗ ಕುಸಿಯಬಹುದು.

ಮೊಬೈಲ್ ಹಾಟ್‌ಸ್ಪಾಟ್ ಮೇಲೆ ಟಿ.ವಿ ನಡೆಸುತ್ತೇವೆ ಎನ್ನುವವರು ಒಂದು ಲೆಕ್ಕ ತಿಳಿದಿರಲಿ. ಎಚ್‌ಡಿ ಗುಣಮಟ್ಟದ ವಿಡಿಯೊ ಗಂಟೆಗೆ 3 ಜಿಬಿವರೆಗೆ ಡೇಟಾ ತಿನ್ನುತ್ತದೆ. ದಿನಕ್ಕೆ ಒಂದೂವರೆ ಜಿಬಿ ಕೊಡುವ ಪ್ಯಾಕ್ ಇದ್ದರೆ ಒಂದು ಧಾರಾವಾಹಿ ಮುಗಿಯುವಷ್ಟರಲ್ಲಿ ಡೇಟಾ ಮುಗಿದಿರುತ್ತದೆ. ಮನೆಯ ಫೈಬರ್ ಪ್ಲಾನ್‌ಗಳಲ್ಲಿ ತಿಂಗಳಿಗೆ 3,300 ಜಿಬಿ ಮಿತಿ ಸಾಮಾನ್ಯ, ಟಿ.ವಿ ನೋಡಿ ಅದನ್ನು ಮುಗಿಸುವುದು ಕಷ್ಟ. ವೇಗದ ವಿಷಯಕ್ಕೆ ಬಂದರೆ, ಫುಲ್ ಎಚ್‌ಡಿಗೆ 5 ಎಂಬಿಪಿಎಸ್ (ಸೆಕೆಂಡಿಗೆ 5 ಮೆಗಾಬಿಟ್), 4ಕೆ ಚಿತ್ರಕ್ಕೆ 15 ಎಂಬಿಪಿಎಸ್ ಬೇಕೆಂದು ನೆಟ್‌ಫ್ಲಿಕ್ಸ್ ತನ್ನ ಗ್ರಾಹಕರಿಗೆ ಹೇಳುತ್ತದೆ. ಹಾಗಾಗಿ ಇಬ್ಬರು ಹಿರಿಯರಿರುವ ಮನೆಗೆ 30 ಅಥವಾ 40 ಎಂಬಿಪಿಎಸ್ ಪ್ಲಾನ್ ಧಾರಾಳ. 300 ಎಂಬಿಪಿಎಸ್ ಪ್ಲಾನ್ ಮಾರಲು ಬರುವವರಿಗೆ ಬೇಡವೆನ್ನಿ. ಆ ಹಣದಲ್ಲಿ ಒಳ್ಳೆಯ ಕೇಬಲ್ ಎಳೆಸಿ.

ಕೇಬಲ್ ಎಂದು ಹೇಳಲು ಕಾರಣ ನಮ್ಮ ಕಡೆಯ ಮನೆಗಳು. ದೊಡ್ಡವ್ವನ ಮನೆಯ ಗೋಡೆಗಳು ಎರಡಡಿ ದಪ್ಪದ ಕಲ್ಲು–ಮಣ್ಣಿನವು, ಮೇಲೆ ಮಣ್ಣಿನ ಮಾಳಿಗೆ. ಬೇಸಿಗೆಯಲ್ಲಿ ಆ ಮನೆಯೊಳಗಿನ ತಂಪು ರಾಯಚೂರಿನ ಯಾವ ಹೊಸ ಮನೆಯಲ್ಲಿಯೂ ಇಲ್ಲ. ಆದರೆ ಬಿಸಿಲನ್ನು ತಡೆಯುವ ಗೋಡೆ ವೈಫೈಯನ್ನೂ ತಡೆಯುತ್ತದೆ. ಪಡಸಾಲೆಯಲ್ಲಿರುವ, ವೈಫೈ ಹಂಚುವ ಡಬ್ಬಿಯಾದ ರೂಟರ್‌ನಿಂದ ಹೊರಟ ಸಿಗ್ನಲ್ ಎರಡು ಗೋಡೆ ದಾಟಿ ಒಳಕೋಣೆಗೆ ಬರುವಷ್ಟರಲ್ಲಿ, ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕೊನೆಭಾಗದ ಹೊಲಕ್ಕೆ ಬಂದಂತೆ ಬಂದರೆ ಬಂತು, ಇಲ್ಲವಾದರೆ ಇಲ್ಲ. ಮೇಲೆ ಎಷ್ಟು ಬಿಟ್ಟರೇನು, ಕೊನೆಯಲ್ಲಿ ಸಿಗುವುದೇ ಲೆಕ್ಕ. ರೂಟರ್‌ಗಳು ಎರಡು ಬಗೆಯ ವೈಫೈ ಕೊಡುತ್ತವೆ. 2.4 ಗಿಗಾಹರ್ಟ್ಸ್‌ನದು ಗೋಡೆಯನ್ನು ಸ್ವಲ್ಪ ಚೆನ್ನಾಗಿ ದಾಟುತ್ತದೆ, ವೇಗ ಕಡಿಮೆ. 5 ಗಿಗಾಹರ್ಟ್ಸ್‌ನದು ವೇಗದ್ದು, ಗೋಡೆಗೆ ಬೇಗ ಸೋಲುತ್ತದೆ. ಟಿ.ವಿ ಮತ್ತು ರೂಟರ್ ಒಂದೇ ಕೋಣೆಯಲ್ಲಿದ್ದರೆ 5, ಬೇರೆ ಕೋಣೆಯಲ್ಲಿದ್ದರೆ 2.4. ಕಲ್ಲಿನ ಮನೆಯಲ್ಲಿ ಇವೆರಡಕ್ಕಿಂತ ನೆಚ್ಚಿಗೆಯದು ರೂಟರ್‌ನಿಂದ ಟಿ.ವಿ.ಗೆ ನೇರವಾಗಿ ಎಳೆದ ಲ್ಯಾನ್ ಕೇಬಲ್. ನೂರು ಮೀಟರ್‌ವರೆಗೆ ಅದು ಸೊರಗುವುದಿಲ್ಲ. ಬಾಗಿಲ ಚೌಕಟ್ಟಿನ ಅಂಚಿನಲ್ಲಿ ಮೊಳೆ ಹೊಡೆದು ಕೂರಿಸಿದರೆ ಕಾಲಿಗೂ ತೊಡಕಿಲ್ಲ.

ಇನ್ನೊಂದು ಶತ್ರು ಬಿಸಿಲು. ಮನೆಬಳಕೆಯ ಅನೇಕ ರೂಟರ್‌ಗಳನ್ನು 40 ಡಿಗ್ರಿ ಸೆಲ್ಸಿಯಸ್‌ವರೆಗಿನ ತಾಪಮಾನಕ್ಕೆಂದು ತಯಾರಿಸಿರುತ್ತಾರೆ. ನಮ್ಮ ಏಪ್ರಿಲ್, ಮೇ ತಿಂಗಳುಗಳು ಆ ಅಂಕಿಯನ್ನು ದಾಟಿ ಹೋಗುತ್ತವೆ. ತಗಡಿನ ಶೆಡ್ಡಿನ ಕೆಳಗೆ, ಕಿಟಕಿಯ ಬಿಸಿಲಿಗೆ, ಟಿ.ವಿ.ಯ ಬೆನ್ನ ಹಿಂದೆ ಅದನ್ನು ಇಡಬೇಡಿ. ಮಧ್ಯಾಹ್ನ ಮಾತ್ರ ಇಂಟರ್ನೆಟ್ ಹೋಗಿ ಸಂಜೆ ತಾನೇ ಬರುತ್ತಿದ್ದರೆ ಮೊದಲು ಆ ಡಬ್ಬಿಯನ್ನು ಮುಟ್ಟಿ ನೋಡಿ. ಕರೆಂಟ್ ಹೋದಾಗ ಇನ್ವರ್ಟರ್‌ನಿಂದ ಟಿ.ವಿ ನಡೆದರೂ ರೂಟರ್ ಆರಿರುತ್ತದೆ, ಏಕೆಂದರೆ ಅದರ ಪ್ಲಗ್ ಇನ್ವರ್ಟರ್ ಲೈನಿನಲ್ಲಿ ಇರುವುದಿಲ್ಲ. ಹನ್ನೆರಡು ವೋಲ್ಟ್‌ನ ರೂಟರ್‌ಗೆಂದೇ ಸಿಗುವ ಪುಟ್ಟ ಯುಪಿಎಸ್ ಇದಕ್ಕೆ ಪರಿಹಾರ. ಫೈಬರ್ ಎಂಬುದು ಕೂದಲೆಳೆಯಷ್ಟು ತೆಳ್ಳಗಿನ ಗಾಜು. ಮೂಲೆಯಲ್ಲಿ ಮಡಚಿ ಬಿಗಿದರೆ ಒಳಗೆ ಮುರಿಯುತ್ತದೆ. ಡಬ್ಬಿಯ ಮೇಲೆ ‘ಎಲ್‌ಒಎಸ್’ ಎಂಬ ದೀಪ ಕೆಂಪಗೆ ಹತ್ತಿದರೆ ತೊಂದರೆ ಹೊರಗಿನ ಲೈನಿನದು, ಟಿ.ವಿ.ಯದಲ್ಲ. ಇದೊಂದನ್ನು ಹಿರಿಯರಿಗೆ ಹೇಳಿಕೊಡಲು ಅಕ್ಷರ ಬೇಡ. ಕೆಂಪು ದೀಪ ಕಂಡರೆ ಕೇಬಲ್‌ನವನಿಗೆ ಫೋನು, ಅಷ್ಟೇ.

ಟಿ.ವಿ.ಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಈಗಿರುವುದು ಸ್ಮಾರ್ಟ್ ಟಿ.ವಿ ಅಲ್ಲದಿದ್ದರೂ ಹಿಂಬದಿಯಲ್ಲಿ ಎಚ್‌ಡಿಎಂಐ ಕಿಂಡಿ ಇದ್ದರೆ ಹೊಸದು ಕೊಳ್ಳುವ ಅಗತ್ಯವಿಲ್ಲ, ಫೈರ್ ಟಿ.ವಿ, ಗೂಗಲ್ ಟಿ.ವಿ ಬಗೆಯ, ಇಂಟರ್ನೆಟ್‌ನಿಂದ ಚಿತ್ರ ತರುವ ಪುಟ್ಟ ಸ್ಟಿಕ್ ಚುಚ್ಚಿದರೆ ಸಾಕು. ಸ್ಟಿಕ್‌ಗೆ ಕರೆಂಟನ್ನು ಟಿ.ವಿ.ಯ ಯುಎಸ್‌ಬಿಯಿಂದ ಕೊಡಬೇಡಿ. ಹಳೆಯ ಟಿ.ವಿ.ಗಳ ಯುಎಸ್‌ಬಿಗೆ ಅಷ್ಟು ಶಕ್ತಿ ಇರುವುದಿಲ್ಲ, ಸ್ಟಿಕ್ ಪದೇ ಪದೇ ಆರಿ ಹತ್ತುತ್ತದೆ. ಜೊತೆಗೆ ಬಂದ ಅಡಾಪ್ಟರ್ ಅನ್ನೇ ಗೋಡೆಗೆ ಹಾಕಿ. ಸಾವಿರಾರು ಚಾನೆಲ್ ಪುಕ್ಕಟೆ ಎಂದು ಮಾರುವ ಹೆಸರಿಲ್ಲದ ಪೆಟ್ಟಿಗೆಗಳ ಹತ್ತಿರ ಹೋಗಲೇಬೇಡಿ. ಕಳ್ಳ ಪ್ರಸಾರ ಎಂಬುದು ಒಂದಾದರೆ, ಅಂಥ ಅಗ್ಗದ ಪೆಟ್ಟಿಗೆಗಳಲ್ಲಿ ಕಾರ್ಖಾನೆಯಿಂದಲೇ ಕುತಂತ್ರಾಂಶ ಸೇರಿ ಬಂದದ್ದನ್ನು ಭದ್ರತಾ ತಜ್ಞರು ಪತ್ತೆ ಹಚ್ಚಿದ್ದಾರೆ. ಅವ್ವ–ಅಪ್ಪನ ಬ್ಯಾಂಕ್ ಖಾತೆ ಇರುವ ಮೊಬೈಲ್ ಅದೇ ವೈಫೈಗೆ ಸೇರಿರುತ್ತದೆ ಎಂಬುದನ್ನು ಮರೆಯಬೇಡಿ.

ಇಲ್ಲಿಂದ ಮುಂದಿನದೇ ನಿಜವಾದ ಕೆಲಸ.

ಮೊದಲಿಗೆ ಟಿ.ವಿ.ಯದೊಂದು, ಸ್ಟಿಕ್‌ನದೊಂದು ಎಂಬ ಎರಡು ರಿಮೋಟುಗಳ ಗೊಂದಲ ಹೋಗಬೇಕು. ಟಿ.ವಿ.ಯ ಸೆಟ್ಟಿಂಗ್‌ನಲ್ಲಿ ಸಿಇಸಿ ಎಂಬ ಆಯ್ಕೆ ಇರುತ್ತದೆ. ಸ್ಯಾಮ್‌ಸಂಗ್‌ನಲ್ಲಿ ಎನಿನೆಟ್ ಪ್ಲಸ್, ಎಲ್‌ಜಿಯಲ್ಲಿ ಸಿಂಪ್‌ಲಿಂಕ್, ಸೋನಿಯಲ್ಲಿ ಬ್ರಾವಿಯಾ ಸಿಂಕ್ ಎಂದು ಹೆಸರು ಬೇರೆ, ಕೆಲಸ ಒಂದೇ. ಅದನ್ನು ಹಾಕಿದರೆ ಸ್ಟಿಕ್‌ನ ರಿಮೋಟಿನಿಂದಲೇ ಟಿ.ವಿ ಹತ್ತಿ ಸರಿಯಾದ ಕಿಂಡಿಗೆ ತಾನಾಗಿ ಹೊರಳುತ್ತದೆ. ‘ಇನ್‌ಪುಟ್ ಬದಲಿಸು’ ಎಂಬ ಹೆಜ್ಜೆ ಹೋಯಿತೆಂದರೆ ಹಿರಿಯರಿಗೆ ಬರುವ ಅರ್ಧ ತೊಂದರೆ ಹೋಯಿತು.

ನಂತರ ಮುಖಪುಟ. ಹೊಸ ಟಿ.ವಿ.ಯಲ್ಲಿ ಅಂಗಡಿಯ ಬೀದಿಯೇ ತೆರೆದಿರುತ್ತದೆ. ಅವರಿಗೆ ಬೇಡದ ಆ್ಯಪ್‌ಗಳನ್ನು ತೆಗೆಯಿರಿ, ತೆಗೆಯಲಾಗದವನ್ನು ಸಾಲಿನ ಕೊನೆಗೆ ತಳ್ಳಿ. ಅವರು ನೋಡುವ ಮೂರೋ ನಾಲ್ಕೋ ಮೊದಲ ಸಾಲಿನ ಆರಂಭದಲ್ಲಿರಲಿ, ಮತ್ತು ಅವುಗಳ ಜಾಗವನ್ನು ಎಂದಿಗೂ ಬದಲಿಸಬೇಡಿ. ಓದು ಬಾರದವರು ಹೆಸರು ನೋಡಿ ಆರಿಸುವುದಿಲ್ಲ. ಬಣ್ಣ, ಆಕಾರ, ಎಷ್ಟನೆಯದು ಎಂಬುದನ್ನು ನೆನಪಿಟ್ಟು ಆರಿಸುತ್ತಾರೆ. ಕೇಬಲ್ ರಿಮೋಟಿನ ಗುಂಡಿಗಳನ್ನು ದೊಡ್ಡವ್ವ ಕಲಿತದ್ದು ಹೀಗೆಯೇ. ಅದು ಸಣ್ಣ ಜಾಣ್ಮೆಯಲ್ಲ. ನಾವು ಮಾಡಬೇಕಾದದ್ದು ಆ ಜಾಣ್ಮೆಗೆ ತಕ್ಕಂತೆ ಪರದೆಯನ್ನು ಸಜ್ಜುಗೊಳಿಸುವುದು. ಆ್ಯಪ್ ಹೊಸದಾಗಿ ಬಂದು ಗುರುತಿನ ಬಣ್ಣ ಬದಲಾದ ದಿನ ಅವರಿಗೆ ದಾರಿ ತಪ್ಪುತ್ತದೆ ಎಂಬುದು ನೆನಪಿರಲಿ. ಕಲರ್ಸ್ ಕನ್ನಡದ ಧಾರಾವಾಹಿಗಳು ಮೊದಲು ವೂಟ್‌ನಲ್ಲಿದ್ದವು, ಬಳಿಕ ಜಿಯೊ ಸಿನಿಮಾಕ್ಕೆ ಬಂದವು, 2025ರ ಫೆಬ್ರುವರಿಯಿಂದ ಜಿಯೊಹಾಟ್‌ಸ್ಟಾರ್‌ನಲ್ಲಿವೆ. ಧಾರಾವಾಹಿ ಇದ್ದಲ್ಲೇ ಇದೆ, ಅದಕ್ಕೆ ಹೋಗುವ ಬಾಗಿಲು ಎರಡು ಸಲ ಬದಲಾಯಿತು. ಹೀಗಾದಾಗ ಫೋನಿನಲ್ಲಿ ಹೇಳಿ ಸರಿಪಡಿಸಲಾಗದು; ಯಾರಾದರೂ ಮನೆಗೆ ಹೋಗಿ, ಹೊಸ ಗುರುತನ್ನು ಹಳೆಯ ಜಾಗದಲ್ಲಿ ಕೂರಿಸಿ, ಕೈಹಿಡಿದು ತೋರಿಸಬೇಕು.

ಟಿ.ವಿ.ಯ ಭಾಷಾ ಪಟ್ಟಿಯಲ್ಲಿ ಕನ್ನಡ ಇದ್ದರೆ ಹಾಕಿ. ಓದಬಲ್ಲ ಹಿರಿಯರಿಗೆ ಅದು ಉಪಕಾರ. ಓದು ಬಾರದವರಿಗೆ ಮಾತ್ರ ಇಂಗ್ಲಿಷ್ ಬರಹವಾದರೂ ಒಂದೇ, ಕನ್ನಡ ಬರಹವಾದರೂ ಒಂದೇ. ಅವರಿಗೆ ಬೇಕಿರುವುದು ಧ್ವನಿ. ಗೂಗಲ್ ತನ್ನ ಧ್ವನಿ ಹುಡುಕಾಟಕ್ಕೆ ಕನ್ನಡವನ್ನು ಸೇರಿಸಿದ್ದು 2017ರಲ್ಲಿ. ಫೋನಿನ ಯೂಟ್ಯೂಬ್‌ನಲ್ಲಿ ಮೈಕಿನ ಗುರುತು ಒತ್ತಿ ಕನ್ನಡದಲ್ಲಿ ಹೇಳಿದರೆ ಅದು ಹುಡುಕಿ ಕೊಡುತ್ತದೆ. ನಮ್ಮ ಹಿರಿಯರಿಗೆ ಮೈಕಿನ ಗುರುತು ಹೊಸದಲ್ಲ, ವಾಟ್ಸ್‌ಆ್ಯಪ್‌ನಲ್ಲಿ ಮೊಮ್ಮಕ್ಕಳಿಗೆ ಧ್ವನಿಸಂದೇಶ ಕಳಿಸುತ್ತಲೇ ಇರುತ್ತಾರೆ. ಹಾಗಾಗಿ ದೊಡ್ಡವ್ವನಿಗೆ ನಾನು ಕಲಿಸಿದ್ದು ಎರಡು ಹೆಜ್ಜೆ. ಫೋನಿನಲ್ಲಿ ಮೈಕ್ ಒತ್ತಿ ಬೇಕಾದದ್ದನ್ನು ಹೇಳುವುದು. ಚಿತ್ರ ಬಂದ ಮೇಲೆ, ಮೂಲೆಯಲ್ಲಿ ಅಲೆಗಳಿರುವ ಪುಟ್ಟ ಪೆಟ್ಟಿಗೆಯ ಗುರುತು ಇರುತ್ತದಲ್ಲ, ಅದನ್ನು ಮುಟ್ಟಿ ಚಿತ್ರವನ್ನು ಟಿ.ವಿ.ಗೆ ಕಳಿಸುವುದು. ಫೋನು, ಟಿ.ವಿ ಎರಡೂ ಒಂದೇ ರೂಟರ್‌ಗೆ ಸೇರಿರಬೇಕು, ಅದೊಂದೇ ಷರತ್ತು.

ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆ ಬಂತು. ಮಂಡಿನೋವಿನಿಂದ ದೊಡ್ಡವ್ವ ಹೋಗಿರಲಿಲ್ಲ. ಅವರು ಫೋನಿಗೆ “ಗವಿಸಿದ್ಧೇಶ್ವರ ಜಾತ್ರೆ, ತೇರು” ಎಂದರು. ನೇರ ಪ್ರಸಾರ ಬಂತು. ಅದನ್ನು ಟಿ.ವಿ.ಗೆ ಕಳಿಸಿ, ಓಣಿಯ ಹೆಂಗಸರನ್ನು ಕರೆದು ಪಡಸಾಲೆಯಲ್ಲಿ ಕೂರಿಸಿ ತೇರು ತೋರಿಸಿದರು. ಮರುದಿನ ಫೋನಿನಲ್ಲಿ ಇದನ್ನು ಹೇಳುವಾಗ ಅವರ ದನಿಯಲ್ಲಿದ್ದ ಹೆಮ್ಮೆ ತೇರಿನ ಬಗ್ಗೆ ಮಾತ್ರ ಆಗಿರಲಿಲ್ಲ. “ನಾನೇ ಹಚ್ಚಿದೆ ತಮ್ಮಾ, ಯಾರನ್ನೂ ಕೇಳಲಿಲ್ಲ” ಎಂದರು. ಆ ಟಿ.ವಿ.ಗೆ ಕೊಟ್ಟ ಹಣ ಸಾರ್ಥಕವಾದದ್ದು ಆವತ್ತು ಎಂದೇ ನಾನು ತಿಳಿದಿದ್ದೇನೆ.

ಅಲ್ಲಿಗೆ ತಲುಪಲು ಇನ್ನೂ ಕೆಲವು ಅಡೆತಡೆಗಳನ್ನು ತೆಗೆಯಬೇಕಾಯಿತು. ಆ್ಯಪ್ ತೆರೆದ ಕೂಡಲೇ ನೋಡುವವರು ಯಾರೆಂದು ಕೇಳುವ ಪುಟದಲ್ಲಿ ಒಂದೇ ಹೆಸರು ಇಟ್ಟರೆ ಗೊಂದಲ ಕಡಿಮೆ. ಕೆಲವು ಆ್ಯಪ್‌ಗಳು ಬಹಳ ಹೊತ್ತು ನೋಡಿದ ಮೇಲೆ ಇನ್ನೂ ನೋಡುತ್ತಿದ್ದೀರಾ ಎಂದು ಬರಹದಲ್ಲಿ ಕೇಳಿ ನಿಂತುಬಿಡುತ್ತವೆ. ಟಿ.ವಿ ಕೆಟ್ಟಿತೆಂದು ಹಿರಿಯರು ಸ್ವಿಚ್ ಆರಿಸುತ್ತಾರೆ. ಚಿತ್ರ ನಿಂತರೆ ನಡುವಿನ ದುಂಡು ಗುಂಡಿಯನ್ನು ಒಮ್ಮೆ ಒತ್ತಬೇಕು ಎಂದು ಹೇಳಿಕೊಟ್ಟರೆ ಆಯಿತು. ಎಲ್ಲಿ ಸಿಕ್ಕಿಹಾಕಿಕೊಂಡರೂ ಹೊರಬರಲು ಮನೆಯ ಚಿತ್ರವಿರುವ ಗುಂಡಿ ಇದೆ. ರಿಮೋಟಿನ ಆ ಗುಂಡಿಯ ಮೇಲೆ ನಾನು ಕುಂಕುಮ ಬಣ್ಣದ ಚಿಕ್ಕ ಸ್ಟಿಕ್ಕರ್ ಅಂಟಿಸಿದ್ದೇನೆ. ಧ್ವನಿಭಾಷೆಯನ್ನೂ ನೋಡಿಕೊಳ್ಳಿ. ಗಡಿಯ ನಮ್ಮ ಮನೆಗಳಲ್ಲಿ ಸೊಸೆಗೆ ತೆಲುಗು, ಅತ್ತೆಗೆ ಕನ್ನಡ ಎಂಬುದು ಹೊಸತಲ್ಲ. ಒಂದೇ ಸಿನಿಮಾಕ್ಕೆ ಹಲವು ಭಾಷೆಯ ಧ್ವನಿ ಇರುವಾಗ, ಒಬ್ಬರು ಬದಲಿಸಿದ್ದು ಇನ್ನೊಬ್ಬರಿಗೆ ಹಾಗೆಯೇ ಉಳಿದಿರುತ್ತದೆ. ಅಂಥ ಮನೆಯಲ್ಲಿ ಮಾತ್ರ ಎರಡು ಹೆಸರು ಮಾಡಿ, ಹೆಸರಿನ ಜಾಗದಲ್ಲಿ ಬೇರೆ ಬೇರೆ ಚಿತ್ರ ಹಾಕಿ.

ಹಳೆಯ ಡಿಶ್ ಅಥವಾ ಕೇಬಲ್ ಸಂಪರ್ಕವನ್ನು ಹೊಸದು ಬಂದ ದಿನವೇ ಕೀಳಿಸಬೇಡಿ. ದೂರದರ್ಶನದ ಫ್ರೀ ಡಿಶ್‌ಗೆ ತಿಂಗಳ ಬಾಡಿಗೆಯೇ ಇಲ್ಲ, ಚಂದನ ಅದರಲ್ಲಿ ಬರುತ್ತದೆ. ಫೈಬರ್ ತುಂಡಾದ ದಿನ ಅದೇ ಆಸರೆ. ಇಂಟರ್ನೆಟ್ ಇದ್ದಾಗ ಪ್ರಸಾರ ಭಾರತಿಯ ವೇವ್ಸ್ ಆ್ಯಪ್‌ನಲ್ಲಿ, 2024ರ ನವೆಂಬರ್‌ನಲ್ಲಿ ಬಂದದ್ದು, ದೂರದರ್ಶನದ ಚಾನೆಲ್‌ಗಳು ಸಿಗುತ್ತವೆ. ಹಳೆಯದನ್ನು ತೆಗೆಸುವುದೋ ಬಿಡುವುದೋ, ಅದನ್ನು ನೋಡುವವರು ಹೇಳಲಿ.

ಹಣದ ಮಾತು ಉಳಿಯಿತು. ಖಾತೆಗಳನ್ನು ನಿಮ್ಮ ಫೋನ್ ಸಂಖ್ಯೆಯಲ್ಲಿ ತೆರೆಯಿರಿ, ಚಂದಾ ಹಣ ನಿಮ್ಮ ಖಾತೆಯಿಂದ ಹೋಗಲಿ. ಪ್ರತಿ ತಿಂಗಳು ತಾನಾಗಿ ಕಡಿತವಾಗುವ ಮೊತ್ತದ ಬಗ್ಗೆ ಕನಿಷ್ಠ 24 ಗಂಟೆ ಮೊದಲೇ ಸಂದೇಶ ಬರಬೇಕೆಂದು ರಿಸರ್ವ್ ಬ್ಯಾಂಕ್ ನಿಯಮ ಮಾಡಿದೆ. ಆ ಸಂದೇಶ ಓದಲು ಬಾರದವರ ಫೋನಿಗೆ ಹೋದರೆ ನಿಯಮದಿಂದ ಏನೂ ಪ್ರಯೋಜನವಾಗದು. ಟಿ.ವಿ.ಯಲ್ಲಿ ಖರೀದಿಗೆ ಪಿನ್ ಹಾಕಿಡಿ. ಟಿ.ವಿ ಪರದೆಯ ಮೇಲೆ ಸಂಖ್ಯೆ ಬಂದು ಫೋನಿನಲ್ಲಿ ನಮೂದಿಸು ಎನ್ನುವ ಹಂತದಲ್ಲಿಯೇ ಮೋಸಗಾರರು ಕಾಯುತ್ತಿರುತ್ತಾರೆ. ಗೂಗಲ್‌ನಲ್ಲಿ ಹುಡುಕಿ ಸಿಕ್ಕ ‘ಕಸ್ಟಮರ್ ಕೇರ್’ ಸಂಖ್ಯೆಗೆ ಫೋನು ಮಾಡಿದರೆ, ಟಿ.ವಿ ಸಕ್ರಿಯಗೊಳಿಸಲು ಶುಲ್ಕ ಕಟ್ಟಿ, ಈ ಆ್ಯಪ್ ಹಾಕಿಕೊಳ್ಳಿ, ಪರದೆ ತೋರಿಸಿ ಎಂದು ಖಾತೆ ಖಾಲಿ ಮಾಡುತ್ತಾರೆ. ಟಿ.ವಿ.ಯನ್ನು ಫೋನಿಗೆ ಜೋಡಿಸಲು ಯಾವ ಕಂಪನಿಯೂ ಶುಲ್ಕ ಕೇಳುವುದಿಲ್ಲ. ಊರಿನಿಂದ ಹೊರಡುವ ಮುನ್ನ ಅವ್ವ–ಅಪ್ಪನನ್ನು ಕೂರಿಸಿಕೊಂಡು, ಟಿ.ವಿ.ಯ ಹೆಸರು ಹೇಳಿ ಯಾರು ಒಟಿಪಿ ಕೇಳಿದರೂ ಫೋನಿಟ್ಟು ನನಗೆ ಕರೆ ಮಾಡಿ ಎಂದು ಹೇಳಿ. ಹಣ ಹೋಗಿಯೇಬಿಟ್ಟಿದ್ದರೆ ತಡಮಾಡದೆ ಕರೆಯಬೇಕಾದ ಸೈಬರ್ ಸಹಾಯವಾಣಿ 1930. ಅದನ್ನು ಅವರ ಫೋನಿನಲ್ಲಿ ಪೊಲೀಸರ ಚಿತ್ರವೊಂದನ್ನು ಹಾಕಿ ಉಳಿಸಿಕೊಡಿ, ಹೆಸರು ಓದದೆಯೂ ಸಿಗುತ್ತದೆ.